ಏಳಡಿ ಉದ್ದದ ನೀಲಿ

ಲ್ಯಾಬಣ್ಣನ ಕಣ್ಣೆಂದರೆ ಆ ಊರಿಗೆ ಒಂದು ಅಳತೆಗೋಲು ಇದ್ದ ಹಾಗೆ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಬಣ್ಣದ ಫೋಟೋ ತೊಳೆಯುವ ಲ್ಯಾಬಿನಲ್ಲಿ ಮೂವತ್ತೆಂಟು ವರ್ಷ ನಿಂತ ಕಾಲಲ್ಲೇ ದುಡಿದ ಮೇಲೆ ಆ ಹೆಸರು ಕಾಗದಪತ್ರಗಳೊಳಗೆ ಸೇರಿಕೊಂಡು ತಣ್ಣಗೆ ಮಲಗಿಬಿಟ್ಟಿತು. ಜನರ ಬಾಯಲ್ಲಿ ಉಳಿದದ್ದು ಲ್ಯಾಬಣ್ಣ ಒಂದೇ.

ಯಂತ್ರದ ಬಾಯಿಂದ ಹಸಿ ಫೋಟೋ ಹೊರಬಿದ್ದ ಕೂಡಲೇ ಅವನು ಅದನ್ನು ದೀಪದ ಕೆಳಗೆ ಹಿಡಿದು, ತಲೆಯನ್ನು ಒಂದಿಷ್ಟು ಓರೆ ಮಾಡಿ, "ಹಳದಿ ಎರಡು ಇಳಿಸು, ಕೆಂಪು ಒಂದು ಏರಿಸು" ಎನ್ನುತ್ತಿದ್ದ. ಮತ್ತೆ ಮುದ್ರಿಸಿದರೆ ಮದುಮಗಳ ಕೆನ್ನೆ ಕೆನ್ನೆಯಂತೆ, ಮದುಮಗನ ಅಂಗಿ ಅಂಗಿಯಂತೆ ಬಂದಿರುತ್ತಿತ್ತು. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟವರಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟವನು. ಮೊದಲು ಲ್ಯಾಬಿನ ನೆಲ ಒರೆಸಿದ, ಆಮೇಲೆ ತೊಟ್ಟಿಗಳನ್ನು ತೊಳೆದ, ಆಮೇಲೆ ಕದ್ದು ಕದ್ದು ನೋಡಿ ಕಲಿತ. "ಮೂವತ್ತೆಂಟು ವರ್ಷದಲ್ಲಿ ನನ್ನ ಕೈಯಿಂದ ಹೋದ ಒಂದೇ ಒಂದು ಫೋಟೋ ಬಣ್ಣ ಸರಿಯಿಲ್ಲ ಅಂತ ವಾಪಸ್ ಬಂದಿಲ್ಲ" ಎಂದು ಅವನು ಹೇಳದ ದಿನವಿರಲಿಲ್ಲ. ಹೆಂಡತಿಗಂತೂ ಆ ಮಾತು ಬಾಯಿಪಾಠವಾಗಿತ್ತು. ಅವನು "ಮೂವತ್ತೆಂಟು" ಎನ್ನುವಷ್ಟರಲ್ಲಿ ಅವಳು ಒಳಗಿನಿಂದಲೇ "ವಾಪಸ್ ಬಂದಿಲ್ಲ" ಎಂದು ಮುಗಿಸಿಬಿಡುತ್ತಿದ್ದಳು.

ರೀಲಿನ ಕಾಲ ಮುಗಿದು ಲ್ಯಾಬು ಮುಚ್ಚಿದಾಗ ಅವನು ಮೂಲೆ ಹಿಡಿದು ಕೂರಲಿಲ್ಲ. ಯಾರೋ ಬಿಸಾಡಲು ಇಟ್ಟಿದ್ದ ಕಂಪ್ಯೂಟರನ್ನು ಹೊತ್ತು ತಂದ. ಯಾವ ಗುಂಡಿ ಒತ್ತಿದರೆ ಏನಾಗುತ್ತದೆಂದು ಒಂದು ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುತ್ತಾ, ಹಾಳು ಮಾಡುತ್ತಾ, ಮತ್ತೆ ಮಾಡುತ್ತಾ ಎರಡು ವರ್ಷಕ್ಕೆ ಅದರ ಮೂಗುದಾರ ಹಿಡಿದ. ಅರವತ್ತೆಂಟರ ವಯಸ್ಸಿಗೆ ಅವನ ತಲೆಗೆ ಉದ್ದದ ಚಿತ್ರದ ಹುಚ್ಚು ಹತ್ತಿತು.

ಅದಕ್ಕೆ ಕಾರಣ ಊರಿನ ಗ್ರಂಥಾಲಯ. ಓದುವ ಕೋಣೆಗೆ ಹೊಸದಾಗಿ ಸುಣ್ಣ ಬಣ್ಣ ಹೊಡೆಸಿದ್ದರು. ಉದ್ದನೆಯ ಮೇಜುಗಳ ಮೇಲ್ಗಡೆ ಹದಿನಾಲ್ಕಡಿ ಗೋಡೆ ಬೋಳು ಬೋಳಾಗಿ ನಿಂತಿತ್ತು. ಗ್ರಂಥಾಲಯ ನೋಡಿಕೊಳ್ಳುವ ಹೆಂಗಸು ಒಮ್ಮೆ ಅವನನ್ನು ಬೀದಿಯಲ್ಲಿ ತಡೆದು, "ಯಜಮಾನ್ರೇ, ಆ ಗೋಡೆಗೆ ನಮ್ಮೂರಿನದೇ ಒಂದು ದೊಡ್ಡ ಫೋಟೋ ಹಾಕೋಣ ಅಂತ. ನಿಮ್ಮ ಕಣ್ಣು ಇರುವಾಗ ಬೇರೆಯವರನ್ನ ಯಾಕೆ ಕೇಳಲಿ?" ಎಂದಳು. ಕೋಣೆ ತೆರೆಯುವುದು ಎರಡು ತಿಂಗಳ ಮೇಲೆ. ಅಷ್ಟು ಸಾಕಾಯಿತು. ಲ್ಯಾಬಣ್ಣ ಮನೆಗೆ ಬಂದವನೇ ಕ್ಯಾಮೆರಾ ನಿಲ್ಲಿಸುವ ಮುಕ್ಕಾಲಿಗೆ ಎಣ್ಣೆ ಬಿಟ್ಟ.

ಊರ ಹಿಂದಿನ ಗುಡ್ಡದ ಮೇಲೆ ನಿಂತರೆ ಎಡಕ್ಕೆ ಊರಿನ ಹಂಚಿನ ಮಾಡುಗಳು, ನಡುವೆ ಬಳುಕುವ ಹೊಳೆ, ಅದರ ಆಚೆ ಹುಲ್ಲುಗಾವಲು, ಬಲಕ್ಕೆ ಹಳೆಯ ಹಂಚಿನ ಕಾರ್ಖಾನೆ, ಹಿಂದೆ ಒಂದರ ಬೆನ್ನಿಗೊಂದು ಬೆಟ್ಟಸಾಲು. ಒಂದು ಫೋಟೋದಲ್ಲಿ ಇಷ್ಟೂ ಹಿಡಿಯುವುದಿಲ್ಲ. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಕೂರಿಸಿ, ಎಡದಿಂದ ಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ತುಂಡು ತುಂಡಾಗಿ ತೆಗೆಯಬೇಕು. ಹಂಚಿನ ಮೇಲೆ ಹಂಚು ಹೊದಿಸುವಂತೆ ಪ್ರತಿ ತುಂಡೂ ಹಿಂದಿನದರ ಮೇಲೆ ಮೂರನೇ ಒಂದು ಪಾಲು ಕೂರಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಹೊಲಿಗೆ. ಲ್ಯಾಬಣ್ಣ ಆರು ಬೆಳಗ್ಗೆ ಗುಡ್ಡ ಹತ್ತಿದ. ಏಳನೆಯ ಸಲ ಗಾಳಿಯೂ ನಿಂತಿತ್ತು, ಬಿಸಿಲೂ ಹದವಾಗಿತ್ತು. ಒಂಬತ್ತು ತುಂಡು ತೆಗೆದ.

ಹೊಲಿದು, ಅಂಚು ಕತ್ತರಿಸಿ, ಬಣ್ಣ ತಿದ್ದಲು ಮೂರು ವಾರ ಹಿಡಿಯಿತು. ಬಣ್ಣ ಮಾತ್ರ ಹೇಗೆ ತಿದ್ದಿದರೂ ಪರದೆಯ ಮೇಲೆ ಹಳದಿ ಉಳಿಯುತ್ತಿತ್ತು. "ಹಾಳು ಕಂಪ್ಯೂಟರಿಗೆ ಕಾಮಾಲೆ ಬಂದಿದೆ" ಎಂದು ಬೈಯುತ್ತಾ ಅವನು ಹಳದಿ ಇಳಿಸಿದ, ಮತ್ತೂ ಇಳಿಸಿದ. ಮೋಡ ಹೇಗೆ ಬೆಳ್ಳಗಿರಬೇಕೆಂದು ಅವನ ನೆನಪಿಗೆ ಗೊತ್ತಿತ್ತು. ಆ ನೆನಪು ಹೇಳಿದಷ್ಟು ಬೆಳ್ಳಗಾಗುವ ತನಕ ಬಿಡಲಿಲ್ಲ. ಪೂರ್ತಿ ಅಳತೆಯದನ್ನು ಮಾಡಿಸುವ ಮುಂಚೆ ಏಳಡಿ ಉದ್ದದ ಒಂದು ಪ್ರತಿ ಮಾಡಿಸಿ, ಸುರುಳಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಭಾನುವಾರದ ಕೂಟಕ್ಕೆ ನಡೆದ.

ಕೂಟ ಅಂದರೆ ಮೂರೇ ಜನ. ಲ್ಯಾಬಣ್ಣ, ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರು, ಔಷಧಿ ಅಂಗಡಿಯವನು. ವಾರಕ್ಕೊಮ್ಮೆ ಔಷಧಿ ಅಂಗಡಿಯ ಹಿಂಬದಿಯಲ್ಲಿ ಡಬ್ಬಗಳ ನಡುವೆ ಕೂತು ಒಬ್ಬರ ಫೋಟೋವನ್ನು ಇನ್ನೊಬ್ಬರು ಹರಿದು ತಿನ್ನುವುದು ಅವರ ಕೆಲಸ. ಅವರಲ್ಲೊಂದು ಕಟ್ಟುಪಾಡು: ಫೋಟೋ ಯಾರದೋ ಅವರು ಉಳಿದವರ ಮಾತು ಮುಗಿಯುವ ತನಕ ತುಟಿ ಬಿಚ್ಚುವಂತಿಲ್ಲ. ಏಳಡಿ ಚಿತ್ರ ಹರಡಲು ಅಂಗಡಿಯಲ್ಲಿ ಜಾಗವಿಲ್ಲದ್ದರಿಂದ ಆವತ್ತು ಪಕ್ಕದ ಟೈಲರ್ ಅಂಗಡಿಗೆ ಹೋದರು. ಬಟ್ಟೆ ಕತ್ತರಿಸುವ ಅಲ್ಲಿನ ಮೇಜು ಎಂಟಡಿ ಉದ್ದ. ಅಂಗಡಿ ನಡೆಸುವ ಹೆಂಗಸು ಐವತ್ತರ ಹತ್ತಿರದವಳು. ಕುತ್ತಿಗೆಗೆ ಅಳತೆ ಟೇಪು, ಬಾಯಲ್ಲಿ ಗುಂಡುಸೂಜಿ. ಊರೆಲ್ಲ ಅವಳನ್ನು ದರ್ಜಿಯಕ್ಕ ಅನ್ನುತ್ತಿತ್ತು. ಅವಳು ಕೂಟದವಳಲ್ಲ. ಶಾಲೆಯ ಸಮವಸ್ತ್ರಗಳ ರಾಶಿಯನ್ನು ಪಕ್ಕಕ್ಕೆ ದಬ್ಬಿ, "ಹಾಸ್ಕೊಳ್ಳಿ. ಸೀಮೆಸುಣ್ಣದ ಪುಡಿ ಇದೆ, ಒರೆಸ್ಕೊಂಡು ಹಾಸಿ" ಎಂದು ಮತ್ತೆ ಮಿಷನ್ ತುಳಿಯಲು ಕೂತಳು.

ಸುರುಳಿ ಬಿಚ್ಚಿ ನಾಲ್ಕೂ ಮೂಲೆಗೆ ಇಸ್ತ್ರಿಪೆಟ್ಟಿಗೆ, ಕತ್ತರಿ, ದಾರದ ಡಬ್ಬ, ಗುಂಡಿಯ ಡಬ್ಬ ಹೇರಿದರು.

ಮೇಷ್ಟ್ರು ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡು ಸಲ ನಡೆದರು. "ಹೊಳೆಯ ಬಳುಕು ಚೆನ್ನಾಗಿ ಕೂತಿದೆ. ಕಣ್ಣನ್ನ ಕೈಹಿಡಿದು ಕರ್ಕೊಂಡು ಹೋಗುತ್ತೆ. ಆದ್ರೆ ನೆಲದ ಗೆರೆ ನಡುವೆ ಜೋತು ಬಿದ್ದಿದೆಯಲ್ಲಯ್ಯ! ಬಟ್ಟೆ ಒಣಹಾಕೋ ಹಗ್ಗದ ಹಾಗೆ."

ಔಷಧಿಯವನು ಕನ್ನಡಕ ಹಣೆಗೇರಿಸಿ ರಸ್ತೆಯ ಮೇಲೆ ಬಗ್ಗಿದ. "ಇಲ್ಲೊಬ್ಬ ಸೈಕಲ್ಲಿನವನು. ಇಲ್ಲೂ ಒಬ್ಬ. ಅರೆ, ಇಲ್ಲೂ ಇದ್ದಾನೆ! ಅದೇ ಟೋಪಿ, ಅದೇ ಚೀಲ. ಏನಣ್ಣಾ, ಇವರಮ್ಮ ತ್ರಿವಳಿ ಹೆತ್ತಿದ್ದಳೇನು?"

ಲ್ಯಾಬಣ್ಣನಿಗೂ ನಗು ಬಂತು. ತಾನು ಕ್ಯಾಮೆರಾ ತಿರುಗಿಸಿದ ದಿಕ್ಕಿಗೇ ಆ ಪುಣ್ಯಾತ್ಮ ಸೈಕಲ್ ತುಳಿದು ಮೂರು ತುಂಡಿನಲ್ಲೂ ಬಂದು ಕೂತಿದ್ದ. ಇಬ್ಬರನ್ನು ಅಳಿಸುವುದು ಅರ್ಧ ಗಂಟೆಯ ಕೆಲಸ. ಜೋತ ಗೆರೆ ಎತ್ತುವುದು ಒಂದು ದಿನದ್ದು. ಅವನು ಕಟ್ಟುಪಾಡಿನಂತೆ ತುಟಿ ಹೊಲಿದುಕೊಂಡು, ಇನ್ನು ಹೊಗಳಿಕೆ ಬರಲಿ ಎಂದು ಕಾಯುತ್ತಿದ್ದ. ಆದರೆ ಮೇಷ್ಟ್ರೂ ಔಷಧಿಯವನೂ ಮುಖ ಮುಖ ನೋಡಿಕೊಂಡು ಕೆಮ್ಮಿದರು. ಬಣ್ಣದ ಮಾತನ್ನು ಲ್ಯಾಬಣ್ಣನಿಗೆ ಹೇಳುವ ಎದೆ ಯಾರಿಗಿದೆ?

ಮಿಷನ್ನಿನ ಸದ್ದು ನಿಂತಿತು. "ಅಣ್ಣಾ, ಇದೇನು ಹೀಗೆ ನೀಲಿಯಲ್ಲಿ ಅದ್ದಿಟ್ಟಿದ್ದೀರಿ?" ಎಂದಳು ದರ್ಜಿಯಕ್ಕ.

ಕಟ್ಟುಪಾಡು ಆ ಕ್ಷಣಕ್ಕೇ ಮುರಿದು ಬಿತ್ತು. "ಯಾವುದಮ್ಮ ನೀಲಿ?"

"ಎಲ್ಲಾ. ಹುಲ್ಲು ನೋಡಿ, ಮೋಡ ನೋಡಿ. ಹಸುಗಳೂ ನೀಲಿಯಾಗಿವೆ. ಚಳಿಗೆ ಸತ್ತ ಹಾಗಿವೆ ಪಾಪ."

"ನೋಡು ತಂಗಿ, ನೀನು ಬಟ್ಟೆಯವಳು. ಮೂವತ್ತೆಂಟು ವರ್ಷ ಈ ಕಣ್ಣು…"

"ಗೊತ್ತು ಬಿಡಿ, ವಾಪಸ್ ಬಂದಿಲ್ಲ." ಅವಳು ಬಾಯಿಂದ ಗುಂಡುಸೂಜಿ ತೆಗೆದು ತೋಳಿಗೆ ಚುಚ್ಚಿಕೊಂಡು ಎದ್ದು ಬಂದಳು. "ನಾನೂ ದಿನಾ ದಾರ ಹೊಂದಿಸೋಳೇ. ಒಂದು ಎಳೆ ಹೆಚ್ಚು ಕಮ್ಮಿಯಾದ್ರೆ ಗಿರಾಕಿ ಮುಖಕ್ಕೆ ಎಸೀತಾರೆ. ನಿಲ್ಲಿ."

ಪೊಟ್ಟಣ ಒಡೆದು ಹೊಸ ಬಿಳಿ ದಾರದ ರೀಲನ್ನು ತೆಗೆದು ಮೋಡದ ನಡುವೆ ನಿಲ್ಲಿಸಿದಳು. "ಈಗ ಹೇಳಿ. ಯಾವುದು ಬಿಳಿ?"

ಲ್ಯಾಬಣ್ಣ ದೀಪವನ್ನು ಎಳೆದುಕೊಂಡು, ತಲೆ ಓರೆ ಮಾಡಿ ನೋಡಿದ. ಒಂದೇ ನೋಟಕ್ಕೆ ಗೊತ್ತಾಯಿತು. ಗೆದ್ದವನಂತೆ ನಕ್ಕ. "ನಿನ್ನ ದಾರ ಹಳದಿಯಾಗಿದೆಯಮ್ಮ. ಎಷ್ಟು ವರ್ಷದಿಂದ ಡಬ್ಬದಲ್ಲಿತ್ತೋ! ಮೋಡ ಬಿಳಿ."

ಅಂಗಡಿಯಲ್ಲಿ ಯಾರೂ ನಗಲಿಲ್ಲ. ಮೇಷ್ಟ್ರು ಮೆಲ್ಲಗೆ, "ಈಗ ತಾನೇ ನಿನ್ನೆದುರಿಗೇ ಪೊಟ್ಟಣ ಒಡೆದ್ರಲ್ಲಯ್ಯ. ದಾರ ಹಾಲಿನ ಹಾಗಿದೆ" ಎಂದರು. ಔಷಧಿಯವನು ಚಾವಣಿ ನೋಡತೊಡಗಿದ.

ದರ್ಜಿಯಕ್ಕನ ದನಿ ಈಗ ಇಳಿದಿತ್ತು. "ಅಣ್ಣಾ, ಬೇಜಾರು ಮಾಡ್ಕೋಬೇಡಿ. ನೀವು ಹಾಕಿರೋ ಅಂಗಿ ಯಾವ ಬಣ್ಣ?"

"ಬಿಳಿ."

"ಅದಕ್ಕೂ ಈ ಮೋಡಕ್ಕೂ ಒಂದೇ ಬಣ್ಣ. ಬಟ್ಟೆಗೆ ನೀಲಿ ಹಾಕೋರು ಯಾರು, ಅಕ್ಕನಾ ನೀವಾ?"

ಲ್ಯಾಬಣ್ಣ ತನ್ನ ಅಂಗಿಯ ತೋಳನ್ನೊಮ್ಮೆ ನೋಡಿಕೊಂಡ. ಚಿತ್ರವನ್ನು ಎಳೆದು ಸುತ್ತಿಕೊಂಡ. ಕತ್ತರಿ ನೆಲಕ್ಕೆ ಬಿತ್ತು, ದಾರದ ಡಬ್ಬ ಉರುಳಿತು. ಯಾವುದನ್ನೂ ಎತ್ತಿಕೊಡದೆ ಹೊರಟುಹೋದ.

ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಹೆಂಡತಿಯ ಮುಂದೆ ನಿಂತ. "ನನ್ನ ಅಂಗಿಗೆ ಎಷ್ಟು ನೀಲಿ ಹಾಕ್ತೀಯೇ?"

ಅವಳು ಮಡಚುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನ ಮುಖ ನೋಡಿದಳು. "ನೀವು ಹೇಳಿದಷ್ಟು. ಮೊದಲು ಎರಡು ಹನಿ ಅಂದ್ರಿ. ಅಂಗಿ ಹಳದಿ ಹೊಡೀತಿದೆ, ನಿನಗೆ ಒಗೆಯೋಕೆ ಬರಲ್ಲ ಅಂತ ಕೂಗಾಡಿದ್ರಿ. ಐದು ಹಾಕ್ದೆ. ಈಗ ಅರ್ಧ ಮುಚ್ಚಳ. ಬೀದಿಯವರೆಲ್ಲ ನಿಮ್ಮವರು ಯಾವ ಕಾರ್ಖಾನೆಗೆ ಕೆಲಸಕ್ಕೆ ಸೇರ್ಕೊಂಡ್ರು, ಸಮವಸ್ತ್ರ ಚೆನ್ನಾಗಿದೆ ಅಂತಾರೆ."

"ನೀನು ಯಾಕೆ ಹೇಳಲಿಲ್ಲ?"

"ಬಣ್ಣದ ವಿಷಯದಲ್ಲಿ ನಿಮಗೆ ಹೇಳೋದಾ? ಮಗಳ ಕೋಣೆ ಗೋಡೆಗೆ ಬಿಳಿ ಹೊಡೆದ ಪೇಂಟರು ನೆನಪಿದ್ದಾನಾ? ಕೆನೆ ಬಣ್ಣ ಹೊಡೆದಿದ್ದೀಯ ಅಂತ ಅವನ ಕೈಲಿ ಎರಡೆರಡು ಸಲ ಹೊಡೆಸಿದ್ರಿ. ಅವನು ಈಗ ನಮ್ಮನೆ ಕಂಡ್ರೆ ಬೀದಿ ಬದಲಾಯಿಸ್ತಾನೆ."

ಲ್ಯಾಬಣ್ಣ ಅಡುಗೆಮನೆಗೆ ಹೋದ. ಒಂದು ತಟ್ಟೆಯಲ್ಲಿ ಉಪ್ಪು, ಲೋಟದಲ್ಲಿ ಹಾಲು, ಪಕ್ಕಕ್ಕೊಂದು ಹೊಸ ಕಾಗದದ ಹಾಳೆ, ಅದರ ಪಕ್ಕ ಒಂದು ಮೊಟ್ಟೆ ಇಟ್ಟು ಕಿಟಕಿ ತೆರೆದ. ನಾಲ್ಕೂ ಅವನಿಗೆ ಹಳೆಯ ಪತ್ರಿಕೆಯ ಬಣ್ಣದಲ್ಲಿ ಕಂಡವು. "ಇದು?" ಎಂದ. "ಬಿಳಿ" ಎಂದಳು ಹಿಂದೆಯೇ ಬಂದಿದ್ದ ಹೆಂಡತಿ. "ಇದು?" "ಅದೂ ಬಿಳಿನೇ ಕಣ್ರೀ." ಮೊಟ್ಟೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಲೋಕದ ವಸ್ತುಗಳೆಲ್ಲ ಸೇರಿ ತನಗೆ ಸುಳ್ಳು ಹೇಳುವುದಕ್ಕೆ ಸಾಧ್ಯವಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು.

ಎರಡು ದಿನ ಕಂಪ್ಯೂಟರಿಗೆ ಬಟ್ಟೆ ಹೊದಿಸಿಟ್ಟ. ಚಿತ್ರದ ಚಿಂತೆಗಿಂತ ದೊಡ್ಡದೊಂದು ಅವನನ್ನು ಕಚ್ಚಿ ಹಿಡಿದಿತ್ತು. ಆಸ್ತಿಯಿಲ್ಲ, ಓದಿಲ್ಲ, ಇಡೀ ಬದುಕಿಗೆ ಅವನ ಹತ್ತಿರ ಇದ್ದದ್ದು ಎರಡು ಕಣ್ಣು. ಅವೇ ಕೈಬಿಟ್ಟ ಮೇಲೆ ಲ್ಯಾಬಣ್ಣ ಅಂದರೆ ಏನು ಉಳಿಯಿತು? ಗ್ರಂಥಾಲಯಕ್ಕೆ ಹೋಗಿ, "ನನ್ನ ಕೈಲಾಗಲ್ಲ, ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ" ಎಂದು ಹೇಳಿಬಿಡಲು ಮೂರನೆಯ ದಿನ ಅಂಗಿ ಹಾಕಿಕೊಂಡ. ಅಂಗಿಯನ್ನು ನೋಡಿಕೊಂಡು ಮತ್ತೆ ಬಿಚ್ಚಿಟ್ಟ.

"ಗ್ರಂಥಾಲಯ ಆಮೇಲೆ," ಎಂದಳು ಹೆಂಡತಿ. "ಮೊದಲು ಕಣ್ಣಾಸ್ಪತ್ರೆ. ಬೂದಿ ಬಣ್ಣದ ಅಂಗಿ ಹಾಕ್ಕೊಳ್ಳಿ, ಅದಕ್ಕೆ ನಾನು ಏನೂ ಹಾಕಿಲ್ಲ."

ಕಣ್ಣಿನ ಡಾಕ್ಟರಮ್ಮ ಅವನ ಮಗಳಿಗಿಂತ ಚಿಕ್ಕವಳು. ಗಲ್ಲವನ್ನು ಯಂತ್ರಕ್ಕೆ ಒರಗಿಸಿ, ಬೆಳಕು ಬಿಟ್ಟು, ಎರಡೂ ಕಣ್ಣೊಳಗೆ ಇಣುಕಿ ನೋಡಿ, "ತಾತ, ಎಷ್ಟು ವರ್ಷದಿಂದ ಹೀಗಿದೆ?" ಎಂದಳು.

"ಹೇಗಿದೆ?"

"ಪೊರೆ ಬಂದಿದೆ. ಎರಡಕ್ಕೂ. ಬೆಳ್ಳಗೆ ಮುಸುಕೋ ಥರದ್ದಲ್ಲ, ಹಳದಿಗೆ ತಿರುಗೋ ಥರದ್ದು. ಇಷ್ಟಿಷ್ಟೇ ಬರುತ್ತೆ, ಹಾಗಾಗಿ ಗೊತ್ತೇ ಆಗಲ್ಲ. ನೀವು ನಾಲ್ಕೈದು ವರ್ಷದಿಂದ ಲೋಕವನ್ನ ಹಾಲಿಲ್ಲದ ಟೀ ತುಂಬಿದ ಲೋಟದೊಳಗಿಂದ ನೋಡ್ತಿದ್ದೀರಿ."

ಲ್ಯಾಬಣ್ಣ ಗಲ್ಲವನ್ನು ಎತ್ತಲಿಲ್ಲ. ನಾಲ್ಕೈದು ವರ್ಷ. ಲ್ಯಾಬು ಮುಚ್ಚಿ ಎಂಟು ವರ್ಷವಾಗಿತ್ತು. ಮನಸ್ಸಿನಲ್ಲೇ ಎರಡು ಸಲ ಕೂಡಿ ಕಳೆದು ನೋಡಿದ. ಹಾಗಾದರೆ ಮದುಮಗಳ ಕೆನ್ನೆಗಳೆಲ್ಲ ಸರಿಯಾಗಿಯೇ ಹೋಗಿದ್ದವು! ಆಮೇಲೆ ಕೇಳಿದ, "ಸರಿ ಹೋಗುತ್ತಾ ತಾಯಿ?"

"ಹೋಗುತ್ತೆ. ಮೊದಲು ಬಲಗಣ್ಣು. ಮೂರೂವರೆ ವಾರ ಬಿಟ್ಟು ಎಡಗಣ್ಣು."

ಅವನು ಎದ್ದು ಕೈ ಮುಗಿಯಲು ಹೋದ. ಮೂಗು ಯಂತ್ರಕ್ಕೆ ಬಡಿಯಿತು.

ಬಲಗಣ್ಣಿನ ಪಟ್ಟಿ ಬಿಚ್ಚಿದ್ದು ಮರುದಿನ ಬೆಳಗ್ಗೆ. ಮೊದಲು ಕಂಡದ್ದು ಆಸ್ಪತ್ರೆಯ ಗೋಡೆ. ಅಷ್ಟು ಬಿಳುಪನ್ನು ಅವನು ಮರೆತೇಬಿಟ್ಟಿದ್ದ. ಮರೆತಿದ್ದೇನೆ ಎಂಬುದನ್ನೂ ಮರೆತಿದ್ದ. ಎದುರಿಗೆ ಕೂತ ಹೆಂಡತಿ ಕಪ್ಪು ಶಾಲು ಹೊದ್ದಿದ್ದಳು, ಆದರೆ ಅದು ಕಪ್ಪಾಗಿರಲಿಲ್ಲ.

"ಈ ಶಾಲು ಯಾವಾಗ ತಗೊಂಡೆ? ನೀಲಿಯದು?"

"ಆರು ವರ್ಷ ಆಯ್ತು. ನೀವೇ ಆರಿಸಿ ಕೊಡಿಸಿದ್ದು." ಅವಳು ಶಾಲಿನ ಅಂಚನ್ನು ಎಳೆದು ಸರಿಮಾಡಿಕೊಂಡಳು. ಅವನು ಅವಳ ಮುಖವನ್ನೂ ನೋಡಿದ. ಕೂದಲು ಅವನು ಅಂದುಕೊಂಡಿದ್ದಕ್ಕಿಂತ ಬೆಳ್ಳಗಾಗಿತ್ತು. ಎಡಗೆನ್ನೆಯ ಮೇಲೆ ಒಂದು ಸಣ್ಣ ಕಂದು ಮಚ್ಚೆ ಹೊಸದಾಗಿ ಬಂದಿತ್ತು. ಲ್ಯಾಬಿನಲ್ಲಿ ಎಷ್ಟೋ ಸಾವಿರ ಮುಖಗಳನ್ನು ದೀಪಕ್ಕೆ ಹಿಡಿದು ನೋಡಿದವನು, ಈ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಯಾವಾಗ ಎಂದು ಲೆಕ್ಕಕ್ಕೆ ಸಿಗಲಿಲ್ಲ.

"ಏನ್ರೀ ಹಾಗೆ ನೋಡ್ತೀರಿ, ಹಳದಿ ಎಷ್ಟು ಇಳಿಸಬೇಕು ಅಂತಲಾ?"

"ಏನೂ ಇಳಿಸೋದು ಬೇಡ," ಎಂದ.

ಮನೆಗೆ ಬಂದು ಏಳಡಿ ಚಿತ್ರವನ್ನು ಹಾಸಿಗೆಯ ಮೇಲೆ ಬಿಚ್ಚಿ ಹಾಕಿದ. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದ. ಹುಲ್ಲುಗಾವಲು ಹಳೆಯ ಗಾಯದಂತೆ ನೀಲಿಗಟ್ಟಿತ್ತು. ಹಂಚಿನ ಮಾಡುಗಳು ಸೀಸದ ತಗಡುಗಳಾಗಿದ್ದವು. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದ. ಎಲ್ಲ ಸರಿಯಾಗಿತ್ತು, ಮೋಡ ಮೋಡದಂತೆ, ಹುಲ್ಲು ಹುಲ್ಲಿನಂತೆ. ಒಂದೇ ಕಾಗದ, ಒಬ್ಬನೇ ಮನುಷ್ಯ, ನಡುವೆ ಒಂದು ಮೂಗು. ಆಚೆಗೊಂದು ಊರು, ಈಚೆಗೊಂದು ಊರು. ಅವನಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ಹಸುಗಳ ಕಡೆ ಕಣ್ಣು ಹೋಯಿತು. ನಿಜವಾಗಿಯೂ ಚಳಿಗೆ ಸತ್ತ ಹಾಗೇ ಇದ್ದವು. ಹಾಸಿಗೆಯ ಅಂಚಿಗೆ ಕೂತು ಕಣ್ಣಿಗೆ ಕೈ ತಾಗದಂತೆ ಹುಷಾರಾಗಿ ನಕ್ಕ.

ಆದರೆ ಅವನು ಆತುರಬೀಳಲಿಲ್ಲ. ಪೊರೆ ತೆಗೆದ ಕಣ್ಣಿಗೆ ಮೊದಲ ಕೆಲವು ದಿನ ಎಲ್ಲವೂ ಹೆಚ್ಚಾಗಿಯೇ ನೀಲಿ ಕಾಣುತ್ತದೆ, ಕಣ್ಣು ಹದಕ್ಕೆ ಬರಲಿ ಎಂದು ಡಾಕ್ಟರಮ್ಮ ಹೇಳಿದ್ದಳು. ಗ್ರಂಥಾಲಯದ ಕೋಣೆ ತೆರೆಯಲು ಉಳಿದದ್ದು ಇಪ್ಪತ್ತೆರಡು ದಿನ. ಅದರಲ್ಲಿ ಹತ್ತು ದಿನ ಅವನು ಕೈಕಟ್ಟಿ ಕೂತ. ಅಷ್ಟು ವರ್ಷ ತಾನೇ ತೀರ್ಪುಗಾರನಾಗಿದ್ದವನಿಗೆ ಅದಕ್ಕಿಂತ ಕಷ್ಟದ ಕೆಲಸ ಬೇರೆ ಇರಲಿಲ್ಲ.

ಹನ್ನೊಂದನೆಯ ದಿನ ಬೆಳಗ್ಗೆ ಎಡಗಣ್ಣಿನ ಮೇಲೆ ಕಾಗದದ ತುಂಡು ಅಂಟಿಸಿಕೊಂಡು ಕಂಪ್ಯೂಟರಿನ ಮುಂದೆ ಕೂತ. ಮೊದಲು ತಿದ್ದಿದ್ದನ್ನು ತಿದ್ದಲು ಹೋಗಲಿಲ್ಲ. ಅದನ್ನು ಇಡಿಯಾಗಿ ಬದಿಗಿಟ್ಟು, ಕ್ಯಾಮೆರಾದಿಂದ ಬಂದ ಒಂಬತ್ತು ಹಸಿ ತುಂಡುಗಳಿಂದಲೇ ಶುರು ಮಾಡಿದ. ಎಲ್ಲದಕ್ಕೂ ಒಂದೇ ಅಳತೆಯ ಬೆಳಕು ಕೊಟ್ಟ. ಹೊಲಿದ. ಜೋತ ಗೆರೆಯನ್ನು ದಾರ ಎಳೆದಂತೆ ನೇರ ಮಾಡಿದ. ಸೈಕಲ್ಲಿನವನನ್ನು ಒಬ್ಬನೇ ಆಗಿ ಉಳಿಸಿದ. ಆಕಾಶದಲ್ಲಿ ತುಂಡು ತುಂಡಿನ ಸೇರುವೆ ಪಟ್ಟೆ ಪಟ್ಟೆಯಾಗಿ ಕಾಣುತ್ತಿದ್ದ ಕಡೆ ಮೆದುವಾಗಿ ಸವರಿದ.

ಹಾಗೆ ಸವರುತ್ತಾ ಮೂರನೆಯ ಬೆಳಗ್ಗೆ ಏಳನೆಯ ತುಂಡಿಗೆ ಬಂದಾಗ ಅವನ ಕೈ ನಿಂತಿತು.

ಎರಡು ಬೆಟ್ಟಸಾಲಿನ ಹಿಂದೆ ಇನ್ನೊಂದಿತ್ತು. ತೆಳ್ಳಗೆ, ಇದೆಯೋ ಇಲ್ಲವೋ ಎಂಬಷ್ಟು ನೀಲಿಯಾಗಿ, ಆಕಾಶದ ಬುಡಕ್ಕೆ ಒರಗಿಕೊಂಡು. ಹಿಂದಿನ ಸಲ ಅವನು ಅದನ್ನು ಕಂಡಿರಲಿಲ್ಲವೆಂದಲ್ಲ. ಕಂಡಿದ್ದ. ಲೆನ್ಸಿನ ಮೇಲಿನ ಕಲೆಯಿರಬೇಕು, ಹೊಗೆಯಿರಬೇಕು ಎಂದುಕೊಂಡು ಎಂಟು, ಒಂಬತ್ತನೆಯ ತುಂಡಿನ ತನಕ ಉಜ್ಜಿ ಉಜ್ಜಿ ಅಳಿಸಿ ಹಾಕಿದ್ದ. ಒಂದು ಇಡೀ ಬೆಟ್ಟಸಾಲನ್ನು ಅರ್ಧ ದಿನ ಕೂತು ಒರೆಸಿದ್ದ!

ಎದ್ದು ಮಹಡಿಗೆ ಓಡಿದ. ಹೆಂಡತಿ ಅಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಒಂದು ಕಣ್ಣಿಗೆ ಕಾಗದ ಅಂಟಿಸಿಕೊಂಡು ಏದುಸಿರು ಬಿಡುತ್ತಾ ಬಂದವನನ್ನು ಕಂಡು ಅವಳ ಕೈಯಿಂದ ಕ್ಲಿಪ್ಪು ಬಿತ್ತು.

"ಏನಾಯ್ತು? ಕಣ್ಣು ನೋಯ್ತಿದೆಯಾ?"

"ಅಲ್ಲಿ, ಆ ಹಿಂದೆ, ಇನ್ನೊಂದು ಸಾಲು ಇದೆಯಾ?"

ಅವಳು ಅವನು ತೋರಿಸಿದ ಕಡೆ ನೋಡಿ, ಮತ್ತೆ ಅವನನ್ನು ನೋಡಿದಳು. "ಅದು ಮೊದಲಿಂದಲೂ ಇದೆಯಲ್ರೀ. ಮಂಜು ಇಲ್ಲದ ದಿನ ಕಾಣುತ್ತೆ. ಮದುವೆಯಾದ ಹೊಸತರಲ್ಲಿ ನೀವೇ ಅಲ್ವಾ ನನಗೆ ತೋರಿಸಿದ್ದು?"

ಅವನು ಗೋಡೆಗೆ ಕೈ ಊರಿ ತುಂಬ ಹೊತ್ತು ನಿಂತ. ಬಿಸಿಲು ಏರಿ ಆ ಸಾಲು ಕರಗುವ ತನಕ ನಿಂತ. ನಾಲ್ಕೈದು ವರ್ಷದಲ್ಲಿ ಕಣ್ಣಿಗೆ ಹಳದಿ ಬಂದದ್ದು ಅವನಿಗೆ ಗೊತ್ತಾಗಿತ್ತು. ಅದು ಏನನ್ನು ಹೊತ್ತುಕೊಂಡು ಹೋಗಿತ್ತು ಎಂಬುದು ಗೊತ್ತಾದದ್ದು ಈಗ. ದರ್ಜಿಯಕ್ಕ ಒಂದು ದಾರದ ರೀಲು ಎದುರಿಗಿಡದೇ ಹೋಗಿದ್ದರೆ, ಬೆಟ್ಟವಿಲ್ಲದ ಆ ಚಿತ್ರವನ್ನೇ ಊರಿನ ಗೋಡೆಗೆ ಹೊಡೆದು, ಅದರ ಕೆಳಗೆ ಮೀಸೆ ತಿರುವಿಕೊಂಡು ನಿಂತಿರುತ್ತಿದ್ದ. ಊರಿನವರು ಅವನ ಕಣ್ಣಿಗೆ ಮರ್ಯಾದೆ ಕೊಟ್ಟು ಸುಮ್ಮನೆ ತಲೆಯಾಡಿಸುತ್ತಿದ್ದರು.

ಮುಂದಿನ ಭಾನುವಾರ ಹೊಸ ಪ್ರತಿಯನ್ನು ಕಂಕುಳಲ್ಲಿಟ್ಟುಕೊಂಡು ಟೈಲರ್ ಅಂಗಡಿಗೆ ಒಬ್ಬನೇ ಹೋದ. ಉಳಿದಿಬ್ಬರು ಬರಲು ಇನ್ನೂ ಅರ್ಧ ಗಂಟೆಯಿತ್ತು. ಬೇಕೆಂದೇ ಮುಂಚೆ ಬಂದಿದ್ದ. ದರ್ಜಿಯಕ್ಕ ತಲೆಯೆತ್ತಿ ನೋಡಿ, ಮಿಷನ್ ನಿಲ್ಲಿಸಿ, ಏನೂ ಕೇಳದೆ ಮೇಜು ಒರೆಸಿದಳು.

"ತಂಗಿ," ಎಂದ ಲ್ಯಾಬಣ್ಣ. ತಪ್ಪು ತೋರಿಸಿದವರಿಗೆ ಏನೆನ್ನಬೇಕೆಂದು ಅವನು ಎಲ್ಲೂ ಕಲಿತಿರಲಿಲ್ಲ. ಯಾರೂ ತೋರಿಸಿಯೇ ಇರಲಿಲ್ಲವಲ್ಲ. "ಆವತ್ತು ನಾನು… ಕತ್ತರಿ ಬಿತ್ತಲ್ಲ, ಮೂತಿ ಮುರೀಲಿಲ್ಲ ತಾನೇ?"

"ಕತ್ತರಿ ಗಟ್ಟಿ ಇದೆ ಬಿಡಿ. ನೀವು ಹೇಗಿದ್ದೀರಿ? ಅಕ್ಕ ಸಿಕ್ಕಿದ್ರು, ಎಲ್ಲ ಹೇಳಿದ್ರು." ಅವಳು ಸ್ಟೂಲು ಎಳೆದು ಕೊಟ್ಟಳು. "ಆ ದಿನ ನೀವು ಹೋದ ಮೇಲೆ ನನಗೆ ಅನ್ನ ಸೇರಲಿಲ್ಲ ಅಣ್ಣಾ. ಇಷ್ಟು ದೊಡ್ಡವರಿಗೆ ಎಲ್ಲರ ಎದುರಿಗೆ ಅಂದುಬಿಟ್ಟೆನಲ್ಲಾ ಅಂತ. ನಮ್ಮಪ್ಪನಿಗೂ ಹೀಗೇ ಆಗಿತ್ತು. ಕರಿ ಬಟ್ಟೆಗೆ ಕಡುನೀಲಿ ದಾರ ಹಾಕಿ ಹೊಲಿದು ಕೊಡ್ತಿದ್ರು. ಬೇಜಾರಾಗುತ್ತೆ ಅಂತ ನಾವ್ಯಾರೂ ಬಾಯಿ ಬಿಡ್ಲಿಲ್ಲ. ಗಿರಾಕಿಗಳೂ ಬಿಡ್ಲಿಲ್ಲ, ಬರೋದು ನಿಲ್ಲಿಸಿದ್ರು ಅಷ್ಟೆ. ಯಾಕೆ ಅಂತ ತಿಳಿಯದೇನೇ ಅವರು ಹೋಗಿಬಿಟ್ರು."

ಲ್ಯಾಬಣ್ಣ ಸ್ಟೂಲಿನ ಮೇಲೆ ಕೂರಲಿಲ್ಲ. ನಿಂತೇ ಇದ್ದು, ಎಂದೂ ಯಾರೆದುರಿಗೂ ಬಗ್ಗದ ಕುತ್ತಿಗೆಯನ್ನು ಬಗ್ಗಿಸಿ, "ನೀನು ನನಗೆ ಹೇಳಿದೆ. ಅದು ದೊಡ್ಡದಮ್ಮ. ನನ್ನ ಹೆಂಡತಿ ಮುಖ ನೋಡಿ ಬಂದೆ, ಒಂದು ಬೆಟ್ಟ ನೋಡಿ ಬಂದೆ. ಎರಡೂ ನಿನ್ನ ದಾರದಿಂದ" ಎಂದ.

ಅವಳು ಮೂಗೊರೆಸಿಕೊಂಡು, "ಸರಿ ಸರಿ, ಹಾಸಿ ನೋಡೋಣ. ಹೊಗಳಿದ್ರೆ ಬಿಟ್ಟುಬಿಡ್ತೀನಿ ಅಂದ್ಕೊಂಡ್ರಾ?" ಎಂದಳು.

ಹಾಸಿದ. ಅವಳು ಬಿಳಿ ರೀಲನ್ನು ಮೋಡದ ಮೇಲೆ, ಎಳೆಹಸಿರಿನದನ್ನು ಹುಲ್ಲಿನ ಮೇಲೆ, ಇಟ್ಟಿಗೆ ಬಣ್ಣದ್ದನ್ನು ಮಾಡಿನ ಮೇಲೆ ಇಟ್ಟು, ಒಂದೊಂದನ್ನೇ ನೋಡುತ್ತಾ ಮೇಜಿನ ಸುತ್ತ ನಡೆದಳು. ಲ್ಯಾಬಣ್ಣ ಈ ಸಲ ತುಟಿ ಬಿಚ್ಚಲಿಲ್ಲ. ಪರೀಕ್ಷೆಗೆ ಕೂತ ಹುಡುಗನಂತೆ ಅವಳ ಬೆರಳನ್ನೇ ನೋಡುತ್ತಿದ್ದ.

"ಹಸು ಎದ್ದು ಕೂತಿವೆ," ಎಂದಳು ಕಡೆಗೆ. "ಹುಲ್ಲು ಸರಿ. ಮಾಡು ಸರಿ. ಹಿಂದಿನ ಆ ಬೆಟ್ಟ… ಅದಕ್ಕೆ ನನ್ನ ಹತ್ತಿರ ದಾರ ಇಲ್ಲ ಅಣ್ಣಾ, ಅದು ಹಾಗೇ ಇರಲಿ." ಒಂದು ಕ್ಷಣ ಬಿಟ್ಟು, ಬಲ ತುದಿಯ ಮೇಲೆ ಟೇಪು ಹಾಸಿದಳು. "ಆದ್ರೆ ಈ ಅಂಚು ಸೊಟ್ಟ ಕತ್ತರಿಸಿದ್ದೀರಿ. ಮೇಲೆ ಒಂದು ಬೆರಳು ಹೆಚ್ಚಿದೆ."

"ಇದೆಯಾ?" ಎಂದ ಲ್ಯಾಬಣ್ಣ, ತಲೆ ಓರೆ ಮಾಡದೆ ನೇರವಾಗಿ ಬಗ್ಗಿ ಟೇಪಿನ ಅಂಕಿ ಓದಿದ. "ಇದೆ." ಜೇಬಿನಿಂದ ಪೆನ್ಸಿಲು ತೆಗೆದು ಗುರುತು ಹಾಕಿಕೊಂಡ. ಬಾಗಿಲಲ್ಲಿ ಬಂದು ನಿಂತ ಮೇಷ್ಟ್ರಿಗೂ ಔಷಧಿಯವನಿಗೂ ತಾವು ಬೇರೆ ಯಾವುದೋ ಅಂಗಡಿಗೆ ಬಂದೆವೇನೋ ಎನಿಸಿತು. ಮುಂದಿನ ಒಂದು ಗಂಟೆ ಮೂವರೂ ಸೇರಿ ಅವನ ಚಿತ್ರವನ್ನು ಮನಸಾರೆ ಬೈದರು. ಹೊಳೆಯ ಹೊಳಪು ಹೆಚ್ಚಾಯಿತು ಎಂದರು, ಎಡಗಡೆ ಊರು ಇಕ್ಕಟ್ಟಾಯಿತು ಎಂದರು. ಅವನು ಎಲ್ಲವನ್ನೂ ಬರೆದುಕೊಂಡ. ಊರು ಇಕ್ಕಟ್ಟಾಯಿತು ಅನ್ನುವುದನ್ನು ಮಾತ್ರ ಒಪ್ಪಲಿಲ್ಲ, "ಊರೇ ಇಕ್ಕಟ್ಟು, ಅದಕ್ಕೆ ನಾನೇನು ಮಾಡಲಿ?" ಎಂದ.

ಹದಿನಾಲ್ಕಡಿ ಚಿತ್ರ ಗೋಡೆಗೆ ಏರಿದ್ದು ಕೋಣೆ ತೆರೆಯುವ ಹಿಂದಿನ ಸಂಜೆ. ಎರಡು ಏಣಿ ಇಟ್ಟು ಮೇಷ್ಟ್ರು ಒಂದು ತುದಿ, ಔಷಧಿಯವನು ಇನ್ನೊಂದು ತುದಿ ಹಿಡಿದರು. ಕೆಳಗೆ ನಿಂತ ದರ್ಜಿಯಕ್ಕ ಟೇಪು ಹಿಡಿದು "ಎತ್ತಿ, ಇನ್ನೂ ಎತ್ತಿ, ಇಳಿಸಿ" ಎಂದು ಕೂಗಾಡಿದಳು. ಎಲ್ಲರೂ ಹೋದ ಮೇಲೆ ಲ್ಯಾಬಣ್ಣನೂ ಅವನ ಹೆಂಡತಿಯೂ ಉಳಿದರು. ಮೂರು ದಿನ ಬಿಟ್ಟು ಎಡಗಣ್ಣಿನ ಸರದಿಯಿತ್ತು.

ಅವನು ಚಿತ್ರದ ಬಲಭಾಗದ ಎದುರು ನಿಂತು, ಬಲಗಣ್ಣು ಮುಚ್ಚಿದ. ಮೂರನೆಯ ಬೆಟ್ಟಸಾಲು ಇಲ್ಲ. ಬಲಗಣ್ಣು ತೆರೆದು ಎಡಗಣ್ಣು ಮುಚ್ಚಿದ. ಇದೆ. ಮತ್ತೆ ಮುಚ್ಚಿದ, ಇಲ್ಲ. ತೆರೆದ, ಇದೆ. ಮಗುವಿನ ಹಾಗೆ ಅದನ್ನೇ ಹತ್ತಾರು ಸಲ ಮಾಡುತ್ತಾ ನಿಂತ.

ಬೀಗದ ಗೊಂಚಲು ಹಿಡಿದು ಬಂದ ಗ್ರಂಥಾಲಯದ ಹೆಂಗಸು ಬಾಗಿಲಲ್ಲೇ ನಿಂತಳು. "ಏನ್ ಯಜಮಾನ್ರೇ, ಮನೆಯವರನ್ನ ಪಕ್ಕದಲ್ಲೇ ನಿಲ್ಲಿಸ್ಕೊಂಡು ಯಾರಿಗೆ ಕಣ್ಣು ಹೊಡೀತಿದ್ದೀರಿ?"

"ಬೆಟ್ಟಕ್ಕಂತೆ," ಎಂದಳು ಹೆಂಡತಿ. "ಬಿಡಿ, ಬೀಗ ಆಮೇಲೆ ಹಾಕಿ. ಇನ್ನು ಮೂರು ದಿನ ಅಷ್ಟೆ, ಆಮೇಲೆ ಯಾವ ಕಣ್ಣು ಮುಚ್ಚಿದ್ರೂ ಕಾಣುತ್ತೆ."

ಹಾಗೆನ್ನುತ್ತಾ ಅವಳು ಒಂದು ಕುರ್ಚಿ ಎಳೆದು ಅವನ ಹಿಂದಿಟ್ಟಳು. ಇನ್ನೊಂದನ್ನು ಎಳೆದುಕೊಂಡು ತಾನೂ ಅವನ ಪಕ್ಕಕ್ಕೆ ಕೂತಳು.